ಎರಡು ಬಿಲ್ಲು, ಒಂದೇ ಗುಂಡಿ: ಬೆಳಗಾವಿಯಿಂದ ಹೋಸ್ಟಿಂಗ್ ನಡೆಸುವವರು ನೆಟ್‌ವರ್ಕ್ ಕಟ್ಟುವ ಬಗೆ

ಉದ್ಯಮಬಾಗದ ಫೌಂಡ್ರಿ ಮಾಲೀಕರೊಬ್ಬರು ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದ್ದರು. "ಏನ್ರೀ, ನಮ್ಮ ಸೈಟ್ ಬಂದ್ ಐತಲ್ರಿ. ಅಲ್ಲಿ ಪಾರ್ಟಿ ಡ್ರಾಯಿಂಗ್ ನೋಡಾಕ ಕುಂತಾರ." ಗಿರಾಕಿಗಳ ವೆಬ್‌ಸೈಟುಗಳನ್ನು ನನ್ನ ಸರ್ವರ್‌ಗಳಲ್ಲಿ ಇಟ್ಟು ನಡೆಸುವುದು, ಅಂದರೆ ಹೋಸ್ಟಿಂಗ್, ನನ್ನ ಕೆಲಸ. ಆಗ ನನ್ನ ಸರ್ವರ್‌ಗಳೆಲ್ಲ ಬೆಳಗಾವಿಯ ಬಾಡಿಗೆ ಕೋಣೆಯಲ್ಲೇ ಇದ್ದವು. ಎರಡು ಕಂಪನಿಗಳಿಂದ ಎರಡು ಫೈಬರ್ ತಗೊಂಡಿದ್ದೆ, ತಿಂಗಳಿಗೆ ಎರಡು ಬಿಲ್ಲು ಕಟ್ಟುತ್ತಿದ್ದೆ, ಒಂದು ಹೋದರೆ ಇನ್ನೊಂದಿದೆ ಎಂದು ನೆಮ್ಮದಿಯಾಗಿ ಮಲಗುತ್ತಿದ್ದೆ. ಆ ದಿನ ಎರಡೂ ಒಟ್ಟಿಗೇ ಸತ್ತಿದ್ದವು. ಸಂಜೆ ಹೊತ್ತಿಗೆ ಕಾರಣ ತಿಳಿಯಿತು. ಎರಡೂ ಕಂಪನಿಗಳು ಮೂರನೆಯವರ ಒಂದೇ ಕೊಳವೆಯಲ್ಲಿ ಎಳೆ ಬಾಡಿಗೆ ಪಡೆದಿದ್ದವು. ಚರಂಡಿ ಅಗೆಯಲು ಬಂದ ಜೆಸಿಬಿಯ ಒಂದೇ ಏಟಿಗೆ ಎರಡೂ ತುಂಡಾಗಿದ್ದವು.

ಇದಾದ ಮೇಲೆ ನಾನು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಕೂತು ಹೋಸ್ಟಿಂಗ್ ಶುರು ಮಾಡಬೇಕೆನ್ನುವ ಹುಡುಗರು ಆಗಾಗ ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಹಂತ 1: ಸರ್ವರ್ ಎಲ್ಲಿಡಬೇಕು ಎಂದು ಮೊದಲು ತೀರ್ಮಾನಿಸಿ

"ಗಿರಾಕಿಗಳು ಬೆಳಗಾವಿಯವರು, ಸರ್ವರ್ ಬೆಳಗಾವಿಯಲ್ಲೇ ಇದ್ದರೆ ಸೈಟ್ ಬೇಗ ತೆರೆಯುತ್ತದೆ." ಕೇಳಲು ಸರಿ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಳಗಾವಿಯಿಂದ ಮುಂಬೈಗೂ ಬೆಂಗಳೂರಿಗೂ ರಸ್ತೆಯಲ್ಲಿ ಹೆಚ್ಚುಕಡಿಮೆ 500 ಕಿಲೋಮೀಟರ್. ಹೋಗಿ ಬರಲು 5 ಮಿಲಿಸೆಕೆಂಡ್ ಸಾಕು. ಕೇಬಲ್ಲು ನೇರ ಹೋಗುವುದಿಲ್ಲ, ನಡುವೆ ಯಂತ್ರಗಳೂ ಇರುತ್ತವೆ, ಹಾಗಾಗಿ 10ರಿಂದ 15 ಎಂದಿಟ್ಟುಕೊಳ್ಳಿ. ಒಂದು ಪುಟ ತೆರೆಯಲು ಟಿಸಿಪಿ (ಸಂಪರ್ಕ ಕಟ್ಟುವ ನಿಯಮ) ಕೈಕುಲುಕಲು ಒಂದು ಸುತ್ತು, ಆ ಸಂಪರ್ಕಕ್ಕೆ ಬೀಗ ಹಾಕುವ ಟಿಎಲ್‌ಎಸ್ 1.3ಕ್ಕೆ ಒಂದು ಸುತ್ತು, ಪುಟ ಕೇಳಿ ಪಡೆಯಲು ಇನ್ನೊಂದು. ಮೂರು ಸುತ್ತಿಗೆ 30ರಿಂದ 45 ಮಿಲಿಸೆಕೆಂಡ್. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಸರ್ವರ್ ಅಮೆರಿಕದಲ್ಲಿದ್ದರೆ ಮಾತ್ರ ಒಂದೊಂದು ಸುತ್ತಿಗೂ 200ರ ಮೇಲೆ ಹೋಗುತ್ತದೆ, ಆ ವ್ಯತ್ಯಾಸ ಗಿರಾಕಿಗೆ ಗೊತ್ತಾಗುತ್ತದೆ.

ಇನ್ನೊಂದು ಸಂಗತಿಯನ್ನು ನೀವೇ ಪರೀಕ್ಷಿಸಬಹುದು. ತಿಲಕವಾಡಿಯಲ್ಲಿ ಕೂತು ಮೊಬೈಲ್ ಡೇಟಾದಿಂದ ಉದ್ಯಮಬಾಗದ ಸರ್ವರ್‌ಗೆ ಟ್ರೇಸ್‌ರೂಟ್ (ಪ್ಯಾಕೆಟ್ಟು, ಅಂದರೆ ಡೇಟಾದ ತುಂಡು, ಹೋಗುವ ದಾರಿ ತೋರಿಸುವ ಕಮಾಂಡ್) ಹಾಕಿ. ಬಹಳ ಸಲ ಪ್ಯಾಕೆಟ್ಟು ಬೆಂಗಳೂರಿಗೋ ಮುಂಬೈಗೋ ಹೋಗಿ, ಅಲ್ಲಿ ಒಂದು ಕಂಪನಿಯ ಕೈಯಿಂದ ಇನ್ನೊಂದು ಕಂಪನಿಯ ಕೈಗೆ ದಾಟಿ, ಮತ್ತೆ ಬೆಳಗಾವಿಗೆ ಬಂದಿರುತ್ತದೆ. ಬಾಜೂ ಮನೆಗೆ ಪತ್ರ ಕಳಿಸಿದರೂ ಅದು ದೊಡ್ಡ ಪೇಟೆಯ ಅಂಚೆ ಕಚೇರಿ ಸುತ್ತಿಯೇ ಬಂದ ಹಾಗೆ. ಅಂದರೆ ಸರ್ವರ್ ಹತ್ತಿರ ಇಟ್ಟು ದಾರಿಯನ್ನು ಇಮ್ಮಡಿ ಮಾಡಿಕೊಂಡಿರುತ್ತೀರಿ.

ಆದ್ದರಿಂದ ಗಿರಾಕಿಗಳ ಸೈಟುಗಳನ್ನು ಮುಂಬೈಯ ಡೇಟಾ ಸೆಂಟರ್‌ನಲ್ಲಿ ರ‍್ಯಾಕ್ ಬಾಡಿಗೆಗೆ ಹಿಡಿದು ಇಡಿ. ಸಮುದ್ರದಡಿಯ ಕೇಬಲ್‌ಗಳು ದಡ ಸೇರುವುದು ಅಲ್ಲಿ, ಕಂಪನಿಗಳು ಒಂದಕ್ಕೊಂದು ಕೂಡುವುದೂ ಅಲ್ಲಿ. ಬೆಳಗಾವಿಯಲ್ಲಿ ಬ್ಯಾಕಪ್, ನಿರ್ವಹಣೆಯ ಕಚೇರಿ ಮತ್ತು ಎರಡನೇ ಡಿಎನ್‌ಎಸ್ (ಸೈಟಿನ ಹೆಸರು ಕೇಳಿ ಅದರ ಐಪಿ ವಿಳಾಸ ಹೇಳುವ ಸರ್ವರ್) ಇರಲಿ. ಸ್ವಂತ ಊರಲ್ಲಿ ಡೇಟಾ ಸೆಂಟರ್ ಕಟ್ಟುವ ಆಸೆ ನನಗೂ ಇತ್ತು. ಕರೆಂಟು, ಏಸಿ, ಡೀಸೆಲ್ ಲೆಕ್ಕ ಬರೆದ ಮೇಲೆ ಆ ಹಾಳೆ ಮಡಚಿಟ್ಟೆ. ಬೆಳಗಾವಿಯ ಸೈಟಿಗೂ ಒಳ್ಳೆಯ ನೆಟ್‌ವರ್ಕ್ ಬೇಕೇ ಬೇಕು, ಏಕೆಂದರೆ ಮುಂಬೈಯ ರ‍್ಯಾಕ್ ಕೆಟ್ಟಾಗ ನೀವು ಅದನ್ನು ಮುಟ್ಟುವುದು ಇಲ್ಲಿಂದಲೇ.

ಹಂತ 2: ಎಷ್ಟು ಬೇಕು ಎಂಬ ಲೆಕ್ಕ

ಸರಾಸರಿ ನೋಡಬೇಡಿ. ವಿಟಿಯು ಕೇಂದ್ರ ಕಚೇರಿ ನಮ್ಮೂರಲ್ಲೇ ಇದೆ. ಪರೀಕ್ಷೆಯ ಫಲಿತಾಂಶ ಬರುವ ದಿನ ಕಾಲೇಜಿನ ಸೈಟುಗಳ ಮೇಲೆ ಹುಡುಗರು ಹೇಗೆ ಮುಗಿಬೀಳುತ್ತಾರೆಂದು ಇಲ್ಲಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಸ್ಥಳೀಯ ಸುದ್ದಿ ತಾಣಗಳ ಕಥೆಯೂ ಅಷ್ಟೇ. ವರ್ಷದ 350 ದಿನ ಖಾಲಿ ಬಿದ್ದಿರುವ ಲಿಂಕು ಉಳಿದ 15 ದಿನ ಸಾಲುವುದಿಲ್ಲ.

ಒಂದು ಪುಟ 2 ಮೆಗಾಬೈಟ್ ಇದ್ದರೆ 16 ಮೆಗಾಬಿಟ್. ಸೆಕೆಂಡಿಗೆ 100 ಪುಟ ಹೋದರೆ 1.6 ಜಿಬಿಪಿಎಸ್ (ಸೆಕೆಂಡಿಗೆ ಗಿಗಾಬಿಟ್). ಅಂದರೆ 1 ಜಿಬಿಪಿಎಸ್ ಪೋರ್ಟ್ ಕಟ್ಟಿಕೊಂಡಿದ್ದರೆ ಆ ಗಳಿಗೆಗೆ ಉಸಿರು ಕಟ್ಟಿತು. ಡೇಟಾ ಸೆಂಟರ್‌ನಲ್ಲಿ 10 ಜಿಬಿಪಿಎಸ್ ಪೋರ್ಟ್ ಹಿಡಿದು, ಅದರಲ್ಲಿ ಕಡಿಮೆ ಪ್ರಮಾಣಕ್ಕೆ ಕರಾರು ಮಾಡಿ, "95ನೇ ಪರ್ಸೆಂಟೈಲ್" ಪದ್ಧತಿಯ ಬಿಲ್ ಕೇಳಿ. ಐದು ನಿಮಿಷಕ್ಕೊಮ್ಮೆ ಅಳತೆ ತೆಗೆದರೆ 30 ದಿನಕ್ಕೆ 8,640 ಅಳತೆ. ಮೇಲಿನ ಶೇ. 5 ಅಂದರೆ 432 ಅಳತೆ ಬಿಟ್ಟು ಉಳಿದುದರಲ್ಲಿ ದೊಡ್ಡದಕ್ಕೆ ಬಿಲ್. ತಿಂಗಳಿಗೆ 36 ತಾಸು ಎಷ್ಟು ಏರಿದರೂ ಲೆಕ್ಕಕ್ಕಿಲ್ಲ. ಫಲಿತಾಂಶದ ದಿನ ಆ 36 ತಾಸಿನಲ್ಲೇ ಮುಗಿದುಹೋಗುತ್ತದೆ.

ಹಂತ 3: ದಾರಿಗಳನ್ನು ಆರಿಸುವುದು

ಇಲ್ಲಿ ಹೆಚ್ಚು ಹೊತ್ತು ಕೊಡಿ. ನನ್ನ ಮಟ್ಟಿಗೆ ಇಡೀ ಕೆಲಸದ ಅರ್ಧ ಇದೇ.

ಒಂದು ಲಿಂಕು ವರ್ಷದಲ್ಲಿ ಶೇ. 99.5 ಹೊತ್ತು ನಡೆಯುತ್ತದೆ ಎನ್ನಿ. ವರ್ಷಕ್ಕೆ ಸುಮಾರು 44 ತಾಸು ಬಂದ್. ಇಂಥವೇ ಎರಡು ಲಿಂಕು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುವಂತಿದ್ದರೆ ಎರಡೂ ಒಟ್ಟಿಗೆ ಬಂದ್ ಆಗುವುದು ವರ್ಷಕ್ಕೆ ಬರೀ 13 ನಿಮಿಷ. ಎರಡೂ ಒಂದೇ ಗುಂಡಿಯಲ್ಲಿ ಮಲಗಿದ್ದರೆ? ಮತ್ತೆ ಅದೇ 44 ತಾಸು, ದುಡ್ಡು ಮಾತ್ರ ಇಮ್ಮಡಿ.

ಮಾರಾಟಕ್ಕೆ ಬಂದವರನ್ನು "ಬೇರೆ ದಾರಿಯೇ?" ಎಂದು ಕೇಳಿದರೆ ಹೌದೆನ್ನುತ್ತಾರೆ. ಅವರಿಗೂ ಗೊತ್ತಿರುವುದಿಲ್ಲ. ನೀವು ಕೇಳಬೇಕಾದ್ದು ಕೆಎಂಜೆಡ್ ಫೈಲ್. ಅದನ್ನು ಗೂಗಲ್ ಅರ್ಥ್‌ನಲ್ಲಿ ತೆರೆದರೆ ಕೇಬಲ್ ಯಾವ ರಸ್ತೆಯ ಯಾವ ಬದಿಯಲ್ಲಿದೆ ಎಂಬುದೂ ಕಾಣುತ್ತದೆ. ಎರಡೂ ಕಂಪನಿಗಳ ಫೈಲುಗಳನ್ನು ಒಂದರ ಮೇಲೊಂದು ಹಾಕಿ ನೋಡಿ. ಗೆರೆಗಳು ಕೂಡುವ ಜಾಗಗಳನ್ನೆಲ್ಲ ಪಟ್ಟಿ ಮಾಡಿ: ಸೇತುವೆ, ರೈಲ್ವೆ ಗೇಟು, ಊರು ದಾಟುವ ಕಿರುದಾರಿ. ಆಮೇಲೆ ಸ್ಕೂಟರ್ ತೆಗೆದುಕೊಂಡು ಕಡೆಯ 3-4 ಕಿಲೋಮೀಟರ್ ನೀವೇ ಹೋಗಿ ನೋಡಿ. ಕಂಬದ ಮೇಲಿಂದ ಎಳೆದಿದ್ದಾರೋ ನೆಲದಡಿಯೋ? ಕಂಬದ್ದಾದರೆ ಜುಲೈ ಮಳೆಯಲ್ಲಿ ಮರ ಬಿದ್ದಾಗ ಏನಾಗುತ್ತದೆಂದು ಬೆಳಗಾವಿಯವರಿಗೆ ಹೇಳಬೇಕಿಲ್ಲ. ನನ್ನ ಕಟ್ಟಡಕ್ಕೆ ಈಗ ಒಂದು ಫೈಬರ್ ಮುಂದಿನ ರಸ್ತೆಯಿಂದ ಬರುತ್ತದೆ, ಇನ್ನೊಂದು ಹಿತ್ತಲ ಗೋಡೆ ಕೊರೆದು ಬರುತ್ತದೆ. ಮನೆ ಮಾಲೀಕರು ಎರಡನೇ ತೂತಿಗೆ ಒಪ್ಪಲು ಎರಡು ಡಬ್ಬಿ ಕುಂದಾ ಕೊಡಬೇಕಾಯಿತು.

ಊರಿನಾಚೆ ನೋಡಿ. ಬೆಳಗಾವಿಯಿಂದ ಹೊರಬೀಳುವ ದೊಡ್ಡ ದಾರಿ ಎಂದರೆ ರಾಷ್ಟ್ರೀಯ ಹೆದ್ದಾರಿ 48: ಉತ್ತರಕ್ಕೆ ನಿಪ್ಪಾಣಿ, ಕೊಲ್ಲಾಪುರ, ಪುಣೆ, ಮುಂಬೈ, ದಕ್ಷಿಣಕ್ಕೆ ಧಾರವಾಡ, ಹುಬ್ಬಳ್ಳಿ, ಬೆಂಗಳೂರು. 2019ರ ಆಗಸ್ಟ್‌ನಲ್ಲಿ ಪಂಚಗಂಗೆ ಉಕ್ಕಿ ಕೊಲ್ಲಾಪುರದ ಹತ್ತಿರ ಈ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು, 2021ರ ಜುಲೈಯಲ್ಲಿ ಮತ್ತೆ ಆಯಿತು. ಪ್ರವಾಹದಲ್ಲಿ ಫೈಬರ್ ತುಂಡಾಗುವುದು ಒಂದು ತೊಂದರೆ. ಅದನ್ನು ಕೂಡಿಸುವ ಸ್ಪ್ಲೈಸಿಂಗ್ ಗಾಡಿ ನೀರು ದಾಟಿ ಬರಲಾಗದಿರುವುದು ಇನ್ನೂ ದೊಡ್ಡ ತೊಂದರೆ. ಹಾಗಾಗಿ ಎರಡೂ ಲಿಂಕು ಮುಂಬೈ ಕಡೆಗೇ ಹೋಗುತ್ತಿದ್ದರೆ ಒಪ್ಪಬೇಡಿ. ಒಂದು ಉತ್ತರಕ್ಕೆ ಹೋಗಿ ಮುಂಬೈಯಲ್ಲಿ ಮುಗಿಯಲಿ, ಇನ್ನೊಂದು ದಕ್ಷಿಣಕ್ಕೆ ಬೆಂಗಳೂರಿನಲ್ಲಿ. ರೈಲ್ವೆ ಹಳಿಯ ಪಕ್ಕದಲ್ಲಿ ಮಲಗಿರುವ ರೈಲ್‌ಟೆಲ್ ಫೈಬರ್ ಹೆದ್ದಾರಿಯದಕ್ಕಿಂತ ಬೇರೆ ದಾರಿ. ಹಳಿಯ ಪಕ್ಕ ಯಾರೂ ಮನಸ್ಸಿಗೆ ಬಂದಂತೆ ಅಗೆಯುವುದಿಲ್ಲ. ಬಾಗಲಕೋಟೆ, ವಿಜಯಪುರದವರು ಪೂರ್ವದ ದಾರಿಗಳನ್ನೂ ನೋಡಬಹುದು: ವಿಜಯಪುರದಿಂದ ಸೊಲ್ಲಾಪುರ ಹತ್ತಿರ, ಅಲ್ಲಿಂದ ಪುಣೆಗೂ ಹೈದರಾಬಾದಿಗೂ ದಾರಿ ಒಡೆಯುತ್ತದೆ.

ಕರಾರಿನಲ್ಲಿ ನೋಡಬೇಕಾದ್ದು: ಬ್ರಾಡ್‌ಬ್ಯಾಂಡ್ ಅಲ್ಲ, ಇಂಟರ್ನೆಟ್ ಲೀಸ್ಡ್ ಲೈನ್. ಅಪ್‌ಲೋಡ್ ಮತ್ತು ಡೌನ್‌ಲೋಡ್ ಸಮ, 1:1, ಯಾರೊಂದಿಗೂ ಹಂಚಿಕೆ ಇಲ್ಲ. ದುರಸ್ತಿಗೆ ಎಷ್ಟು ತಾಸು ಎಂದು ಬರೆಸಿಕೊಳ್ಳಿ. "ದಾರಿ ಬದಲಿಸುವ ಮುನ್ನ ನಮಗೆ ತಿಳಿಸಬೇಕು" ಎಂಬ ಸಾಲನ್ನು ನಾನು ಹಟ ಹಿಡಿದು ಸೇರಿಸಿದ್ದೇನೆ, ಏಕೆಂದರೆ ಇವತ್ತು ಬೇರೆ ಇರುವ ದಾರಿಗಳು ಕಂಪನಿಯವರ ಒಳಗಿನ ಅನುಕೂಲಕ್ಕೆ ನಾಳೆ ಒಂದಾಗಿಬಿಡಬಹುದು. ಎಸ್‌ಎಲ್‌ಎ (ಇಷ್ಟು ಹೊತ್ತು ಸೇವೆ ಕೊಡುತ್ತೇವೆಂಬ ಕರಾರು) ತಪ್ಪಿದರೆ ಕೊಡುವ ಪರಿಹಾರದ ಮೇಲೆ ಆಸೆ ಇಡಬೇಡಿ. ಅದು ಒಂದೆರಡು ದಿನದ ಬಾಡಿಗೆ ಮಾಫಿ ಅಷ್ಟೇ, ಹೋದ ಗಿರಾಕಿ ವಾಪಸ್ ಬರುವುದಿಲ್ಲ.

ಲಿಂಕು ಒಪ್ಪಿಸಿಕೊಳ್ಳುವ ದಿನ ಒಂದು ಸಣ್ಣ ಕೆಲಸ ಮರೆಯಬೇಡಿ. ರೂಟರ್‌ನಲ್ಲಿ ಫೈಬರ್ ಚುಚ್ಚುವ ಮಾಡ್ಯೂಲ್‌ಗೆ ಬರುವ ಬೆಳಕಿನ ಬಲವನ್ನು ಬರೆದಿಡಿ. 10ಜಿ ಎಲ್‌ಆರ್ ಮಾಡ್ಯೂಲ್‌ಗೆ ಕೆಳಗಿನ ಮಿತಿ ಮೈನಸ್ 14.4 ಡಿಬಿಎಂ (ಬೆಳಕಿನ ಬಲದ ಅಳತೆ). ಮೊದಲ ದಿನ ಮೈನಸ್ 6 ಇದ್ದದ್ದು ಮೂರು ಸಲ ತುಂಡಾಗಿ ಮೂರು ಸಲ ಬೆಸೆದ ಮೇಲೆ ಮೈನಸ್ 12ಕ್ಕೆ ಇಳಿದಿದ್ದರೆ, ಆ ಲಿಂಕು ಬದುಕಿದೆ, ಆದರೆ ಮುಂದಿನ ಬೆಸುಗೆಗೆ ಉಳಿಯುವುದು ಅನುಮಾನ. ಆಗಲೇ ದೂರು ಕೊಡಿ.

ಹಂತ 4: ಸ್ವಂತ ಐಪಿ, ಸ್ವಂತ ಎಎಸ್ ಸಂಖ್ಯೆ

ಕಂಪನಿ ಕೊಟ್ಟ ಐಪಿ ವಿಳಾಸದ ಮೇಲೆ ಹೋಸ್ಟಿಂಗ್ ನಡೆಸುವುದು ಬಾಡಿಗೆ ಮನೆ ಗೋಡೆಗೆ ಅಂಗಡಿ ಬೋರ್ಡು ಹೊಡೆದ ಹಾಗೆ. ಕಂಪನಿ ಬದಲಿಸಿದರೆ ನೂರಾರು ಗಿರಾಕಿಗಳ ಡಿಎನ್‌ಎಸ್ ಬದಲಿಸಬೇಕು. ಆ ಕಂಪನಿಯ ಲಿಂಕು ಸತ್ತರೆ ಅದರ ವಿಳಾಸಗಳೂ ಸತ್ತವು, ಎರಡನೇ ಲಿಂಕು ಇದ್ದೂ ಉಪಯೋಗವಿಲ್ಲ.

ಭಾರತದಲ್ಲಿ ವಿಳಾಸ ಮತ್ತು ಎಎಸ್ ಸಂಖ್ಯೆ (ಇಂಟರ್ನೆಟ್ಟಿನಲ್ಲಿ ನಿಮ್ಮ ನೆಟ್‌ವರ್ಕಿನ ಗುರುತು ಸಂಖ್ಯೆ) ಕೊಡುವುದು ಐಆರ್‌ಐಎನ್‌ಎನ್. ಇದು ನಿಕ್ಸಿಯ ವಿಭಾಗ. ನಿಕ್ಸಿ ಎಂದರೆ ಭಾರತದ ಇಂಟರ್ನೆಟ್ ವಿನಿಮಯ ಕೇಂದ್ರಗಳನ್ನು ನಡೆಸುವ, 2003ರಲ್ಲಿ ಹುಟ್ಟಿದ ಸಂಸ್ಥೆ. ಐಪಿವಿ4 (ಹಳೆಯ ಬಗೆಯ ಐಪಿ ವಿಳಾಸ) ಖಾಲಿಯಾಗುತ್ತ ಬಂದಿರುವುದರಿಂದ ಹೊಸಬರಿಗೆ ಹೆಚ್ಚೆಂದರೆ /23, ಅಂದರೆ 512 ವಿಳಾಸ. ಜಗತ್ತಿನ ರೂಟರ್‌ಗಳು ಸಾಮಾನ್ಯವಾಗಿ ಒಪ್ಪುವ ಅತಿ ಚಿಕ್ಕ ತುಂಡು /24, 256 ವಿಳಾಸ. ಹಾಗಾಗಿ /23 ಸಿಕ್ಕರೆ ಒಂದು /24 ಮುಂಬೈಗೆ, ಇನ್ನೊಂದು ಬೆಳಗಾವಿಗೆ ಸರಿಹೋಗುತ್ತದೆ. ಹೊಸ ಬಗೆಯ ವಿಳಾಸವಾದ ಐಪಿವಿ6 ಕೂಡ ಅದೇ ಅರ್ಜಿಯಲ್ಲಿ ಕೇಳಿ. ಮೊಬೈಲ್ ಜನ ಈಗಾಗಲೇ ಅದರ ಮೇಲಿದ್ದಾರೆ. ಗಿರಾಕಿಗಳು ಕೇಳುವವರೆಗೆ ಕಾಯಬೇಡಿ, ಅವರು ಕೇಳುವುದಿಲ್ಲ.

ವಿಳಾಸ ಕೈಗೆ ಬಂದ ದಿನವೇ ಆರ್‌ಪಿಕೆಐ ಎಂಬ ಡಿಜಿಟಲ್ ಸಹಿಯ ವ್ಯವಸ್ಥೆಯಲ್ಲಿ ಆರ್‌ಓಎ ದಾಖಲೆ ಮಾಡಿ. "ಈ ವಿಳಾಸಗಳನ್ನು ಸಾರುವ ಹಕ್ಕು ಈ ಎಎಸ್‌ಗೆ ಮಾತ್ರ" ಎಂಬ ಸಹಿ ಅದು. 2008ರ ಫೆಬ್ರುವರಿಯಲ್ಲಿ ಪಾಕಿಸ್ತಾನದ ಟೆಲಿಕಾಂ ಕಂಪನಿಯೊಂದು ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋಗಿ, ಅದರ ವಿಳಾಸಗಳಿಗೆ ದಾರಿ ತನ್ನಲ್ಲಿದೆ ಎಂಬ ರೂಟನ್ನು ಹೊರಗೂ ಸಾರಿ, ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗದಂತಾಗಿತ್ತು. ಇಂಥದನ್ನು ತಡೆಯಲೆಂದೇ ಆ ಸಹಿ.

ಬಿಜಿಪಿ (ನೆಟ್‌ವರ್ಕುಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ನಿಯಮ) ಹೊಂದಿಸುವಾಗ ಮೂರು ಸಂಗತಿ. ಹೊರಗೆ ಸಾರುವುದು ನಿಮ್ಮ ಸ್ವಂತ ವಿಳಾಸಗಳನ್ನು ಮಾತ್ರ, ಫಿಲ್ಟರ್ ಇಲ್ಲದೆ ಸೆಷನ್ ಏರಿಸಲೇಬೇಡಿ. ಇಲ್ಲವಾದರೆ ಒಂದು ಕಂಪನಿಯಿಂದ ಕಲಿತ ರೂಟುಗಳನ್ನು ಇನ್ನೊಂದಕ್ಕೆ ಸಾರಿ, ಇಬ್ಬರು ದೊಡ್ಡವರ ನಡುವಿನ ಟ್ರಾಫಿಕ್ಕು ನಿಮ್ಮ ಚಿಕ್ಕ ರೂಟರ್ ಮೇಲೆ ಹರಿಯುತ್ತದೆ. ಎರಡನೆಯದು ರೂಟರ್‌ನ ಹೊಟ್ಟೆ. ಇಡೀ ಜಗತ್ತಿನ ರೂಟುಗಳ ಪೂರ್ತಿ ಟೇಬಲ್ ತಗೊಂಡರೆ ಐಪಿವಿ4 ಒಂದರಲ್ಲೇ 10 ಲಕ್ಷದ ಆಸುಪಾಸು ರೂಟುಗಳು, ಅಗ್ಗದ ಲೇಯರ್-3 ಸ್ವಿಚ್ಚಿಗೆ ಅದು ಹಿಡಿಸುವುದಿಲ್ಲ. ಎರಡು ಲಿಂಕಿನ ಚಿಕ್ಕ ಸೈಟಿಗೆ ಡೀಫಾಲ್ಟ್ ರೂಟು (ಎಲ್ಲವನ್ನೂ ಕಂಪನಿಯ ಕೈಗೆ ಒಪ್ಪಿಸುವ ಒಂದೇ ರೂಟು) ಸಾಕು. ಮೂರನೆಯದು ಎಲ್ಲರೂ ಮರೆಯುವುದು. ಲಿಂಕಿನ ನಡುವೆಲ್ಲೋ ಕೆಟ್ಟು, ನಿಮ್ಮ ಪೋರ್ಟಿನ ದೀಪ ಹಾಗೇ ಉರಿಯುತ್ತಿದ್ದರೆ, ಬಿಜಿಪಿಗೆ ಅದು ತಿಳಿಯಲು ಹಲವು ರೂಟರ್‌ಗಳಲ್ಲಿ 180 ಸೆಕೆಂಡ್ ಬೇಕು. ಮೂರು ನಿಮಿಷ ಸೈಟುಗಳು ಕತ್ತಲಲ್ಲಿ. ಕಂಪನಿಯವರಿಗೆ ಬಿಎಫ್‌ಡಿ ಹಾಕಿಕೊಡಲು ಹೇಳಿ. 300 ಮಿಲಿಸೆಕೆಂಡಿಗೊಮ್ಮೆ ಮೂರು ಸಲ ತಟ್ಟಿ ಉತ್ತರ ಬರದಿದ್ದರೆ, ಒಂದು ಸೆಕೆಂಡಿನೊಳಗೇ ಲಿಂಕು ಸತ್ತಿದೆ ಎಂದು ತೀರ್ಮಾನವಾಗುತ್ತದೆ.

ಹಂತ 5: ರ‍್ಯಾಕಿನ ಒಳಗೆ

ಇಲ್ಲಿ ಹೊಸದೇನೂ ಇಲ್ಲ. ಎರಡು ರೂಟರ್, ಎರಡು ಸ್ವಿಚ್, ಪ್ರತಿ ಸರ್ವರ್‌ನಿಂದ ಎರಡಕ್ಕೂ ಒಂದೊಂದು 10ಜಿ ಕೇಬಲ್, ಎರಡು ಕೇಬಲ್ಲನ್ನು ಒಂದರಂತೆ ನಡೆಸುವ ಎಲ್‌ಎಸಿಪಿ ಹಾಕಿ ಜೋಡಿಸಿ. ಇದಕ್ಕೆ ಎರಡೂ ಸ್ವಿಚ್ಚು ಒಂದೇ ಸ್ವಿಚ್ಚಿನಂತೆ ಕೆಲಸ ಮಾಡುವ ಬಗೆಯವಾಗಿರಬೇಕು. ರ‍್ಯಾಕಿನೊಳಗೆ 3 ಮೀಟರ್‌ವರೆಗಿನ ದೂರಕ್ಕೆ ಡಿಎಸಿ (ಎರಡೂ ತುದಿಗೆ ಮಾಡ್ಯೂಲ್ ಸೇರಿಯೇ ಬರುವ ತಾಮ್ರದ) ಕೇಬಲ್ ಅಗ್ಗ, ಕೆಡುವುದೂ ಕಡಿಮೆ. ಗಿರಾಕಿಗಳ ಟ್ರಾಫಿಕ್, ಬ್ಯಾಕಪ್, ನಿರ್ವಹಣೆ ಮೂರಕ್ಕೂ ಬೇರೆ ಬೇರೆ ವಿಎಲ್‌ಎಎನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್). ರಾತ್ರಿ ಬ್ಯಾಕಪ್ ಓಡುವಾಗ ಸೈಟುಗಳು ತೆವಳುತ್ತಿದ್ದರೆ ಇದೊಂದೇ ಸಾಲದು, ಬ್ಯಾಕಪ್‌ನ ವೇಗಕ್ಕೂ ಮಿತಿ ಹಾಕಿ.

ಎರಡು ಪವರ್ ಸಪ್ಲೈ ಇರುವ ಸ್ವಿಚ್ಚಿನ ಎರಡೂ ಪ್ಲಗ್ಗುಗಳನ್ನು ಒಂದೇ ಪವರ್ ಸ್ಟ್ರಿಪ್ಪಿಗೆ ಚುಚ್ಚಿದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಮೊದಲು ಹೇಳಿದ ಗುಂಡಿಯ ಕಥೆಯೇ ಇದು, ಚಿಕ್ಕದಾಗಿ. ರ‍್ಯಾಕಿಗೆ ಬರುವ ಎರಡು ಬೇರೆ ಕರೆಂಟಿನ ದಾರಿಗಳಲ್ಲಿ ಎಡದ್ದು ಎ ಫೀಡಿಗೆ, ಬಲದ್ದು ಬಿ ಫೀಡಿಗೆ. ಬಣ್ಣದ ಟೇಪ್ ಸುತ್ತಿಡಿ.

ಬೆಳಗಾವಿಯ ಕೋಣೆಗೆ ಮಾತ್ರ ಒಂದು ಹೆಚ್ಚಿನ ಎಚ್ಚರ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ. ಮಾಳಿಗೆಯಿಂದ ಕೆಳಗಿಳಿಯುವ ತಾಮ್ರದ ಈಥರ್‌ನೆಟ್ ತಂತಿ ಸಿಡಿಲಿನ ಹೊಡೆತವನ್ನು ನೇರ ಸ್ವಿಚ್ಚಿಗೆ ತರುತ್ತದೆ. ಹೊರಗಿನಿಂದ ಒಳಗೆ ಬರುವುದೆಲ್ಲ ಲೋಹವಿಲ್ಲದ ಫೈಬರ್ ಆಗಿರಲಿ, ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಲು ಒಬ್ಬರಿಗೆ ಹೊಣೆ ಒಪ್ಪಿಸಿ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆಂದು ವರ್ಷಕ್ಕೆರಡು ಸಲ ನಿಜವಾಗಿ ಮೇನ್ ಇಳಿಸಿಯೇ ನೋಡಬೇಕು. ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ.

ಹಂತ 6: ಲಿಂಕು ಇದ್ದೂ ವೇಗ ಬರದಿದ್ದರೆ

1 ಜಿಬಿಪಿಎಸ್ ಲಿಂಕು, ಬೆಳಗಾವಿಯಿಂದ ಮುಂಬೈಗೆ 10 ಮಿಲಿಸೆಕೆಂಡ್, ಆದರೆ ಬ್ಯಾಕಪ್ ಮಾತ್ರ 50 ಎಂಬಿಪಿಎಸ್‌ನಲ್ಲಿ ಕುಂಟುತ್ತಿದೆ. ಇದು ಕಂಪನಿಯ ತಪ್ಪಲ್ಲ. ಟಿಸಿಪಿ ವಿಂಡೋ (ಉತ್ತರಕ್ಕೆ ಕಾಯದೆ ಒಮ್ಮೆಗೆ ಕಳಿಸಬಹುದಾದ ಪ್ರಮಾಣ) 64 ಕಿಲೋಬೈಟ್‌ಗೆ ನಿಂತಿದ್ದರೆ, ಒಂದು ಸುತ್ತಿಗೆ ಅಷ್ಟೇ ಹೋಗುತ್ತದೆ. ಸೆಕೆಂಡಿಗೆ 100 ಸುತ್ತು, ಅಂದರೆ ಸುಮಾರು 52 ಎಂಬಿಪಿಎಸ್. ಲಿಂಕು ತುಂಬಲು ದಾರಿಯಲ್ಲಿ ಒಮ್ಮೆಗೆ 1.25 ಮೆಗಾಬೈಟ್ ಇರಬೇಕು. ಹಳೆಯ ಎನ್‌ಎಎಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕಿನ) ಪೆಟ್ಟಿಗೆಗಳಲ್ಲಿ, ಕೈಯಾರೆ ತಿದ್ದಿದ ಸರ್ವರ್‌ಗಳಲ್ಲಿ ಇದನ್ನು ಮೊದಲು ನೋಡಿ. ದೂರದ ಮೊಬೈಲ್ ಗಿರಾಕಿಗಳಿಗೆ ಲಿನಕ್ಸ್‌ನಲ್ಲಿ ಬಿಬಿಆರ್ (ಕಳಿಸುವ ವೇಗ ನಿರ್ಧರಿಸುವ ವಿಧಾನ) ಹಾಕಿದರೆ ಅಲ್ಪಸ್ವಲ್ಪ ಪ್ಯಾಕೆಟ್ ಕಳೆದರೂ ವೇಗ ಅಷ್ಟಾಗಿ ಬೀಳುವುದಿಲ್ಲ. ಇದು ಕರ್ನಲ್ 4.9ರಿಂದಲೇ ಇದೆ.

ಸೆಕ್ಯುರಿಟಿ ಹೆಸರಲ್ಲಿ ಐಸಿಎಂಪಿಯನ್ನು (ನೆಟ್‌ವರ್ಕಿನ ತೊಂದರೆ ತಿಳಿಸುವ ಸಂದೇಶಗಳನ್ನು) ಪೂರ್ತಿ ಮುಚ್ಚುವವರು ಇನ್ನೂ ಇದ್ದಾರೆ. ಹಾಗೆ ಮಾಡಿದರೆ "ಪ್ಯಾಕೆಟ್ಟು ದೊಡ್ಡದಾಯಿತು, ಚಿಕ್ಕದು ಕಳಿಸು" ಎಂಬ ಸಂದೇಶವೂ ಬರುವುದಿಲ್ಲ. ಆಗ ಸೈಟಿನ ಮೊದಲ ಸಾಲು ಬರುತ್ತದೆ, ಚಿತ್ರ ಬರುವುದಿಲ್ಲ, ಅದೂ ಕೆಲವರಿಗೆ ಮಾತ್ರ. ಇಂಥದರ ಬೆನ್ನು ಹತ್ತಿ ನಾನು ಎರಡು ದಿನ ಕಳೆದಿದ್ದೇನೆ.

ಹಂತ 7: ದಾಳಿ

2018ರ ಫೆಬ್ರುವರಿಯಲ್ಲಿ ಕೋಡ್ ಇಡುವ ತಾಣ ಗಿಟ್‌ಹಬ್ ಮೇಲೆ ದಾಳಿಯ ಟ್ರಾಫಿಕ್ಕು ಸೆಕೆಂಡಿಗೆ 1.35 ಟೆರಾಬಿಟ್ ಹರಿಯಿತು, ಬಾಗಿಲು ತೆರೆದಿಟ್ಟ ಮೆಮ್‌ಕ್ಯಾಶ್ಡ್ (ಡೇಟಾವನ್ನು ಮೆಮೊರಿಯಲ್ಲಿ ಇಡುವ ತಂತ್ರಾಂಶ) ಸರ್ವರ್‌ಗಳನ್ನು ಬಳಸಿ. ನಿಮ್ಮ 10 ಜಿಬಿಪಿಎಸ್ ಪೋರ್ಟ್ ಅದರ ಮುಂದೆ ಏನೂ ಅಲ್ಲ, ಯಾವ ಫೈರ್‌ವಾಲ್ ಕೊಂಡರೂ ಅಷ್ಟೇ: ನೀರು ಮನೆ ಬಾಗಿಲಿಗೆ ಬಂದ ಮೇಲೆ ಅಡ್ಡ ಹಲಗೆ ಇಟ್ಟಂತೆ. ಮೇಲಿನ ಕಂಪನಿಯಲ್ಲೇ ತಡೆಯಬೇಕು. ಬ್ಲ್ಯಾಕ್‌ಹೋಲ್ ಕಮ್ಯುನಿಟಿ 65535:666 (ಈ ವಿಳಾಸಕ್ಕೆ ಬರುವುದನ್ನೆಲ್ಲ ಅಲ್ಲೇ ಬಿಸಾಕಿ ಎಂದು ಬಿಜಿಪಿಯಲ್ಲಿ ಹೇಳುವ ಗುರುತು) ಅವರು ಒಪ್ಪುತ್ತಾರೋ ಇಲ್ಲವೋ ಕರಾರಿಗೆ ಮುನ್ನವೇ ಕೇಳಿ. ದಾಳಿಗೆ ಗುರಿಯಾದ ಒಂದು ವಿಳಾಸವನ್ನು ಅದರಿಂದ ಬಲಿಕೊಟ್ಟು ಉಳಿದ 255 ಉಳಿಸಿಕೊಳ್ಳಬಹುದು. ಅದಕ್ಕಾಗಿಯೇ ದೊಡ್ಡ ಗಿರಾಕಿಗೆ ಸ್ವಂತ ಐಪಿ ಕೊಡಿ.

ಒಳಗಿನಿಂದ ಹೊರಹೋಗುವುದನ್ನೂ ಕಾಯಿರಿ. ನಿಮ್ಮದಲ್ಲದ ವಿಳಾಸದ ಹೆಸರಲ್ಲಿ ಹೊರಡುವ ಪ್ಯಾಕೆಟ್ಟು ರೂಟರ್‌ನಲ್ಲೇ ಬೀಳಲಿ. ಪೋರ್ಟ್ 25 (ಮೇಲ್ ಕಳಿಸುವ ಬಾಗಿಲು) ಹೊಸ ಗಿರಾಕಿಗಳಿಗೆ ಮುಚ್ಚಿರಲಿ. ಒಂದು ಹ್ಯಾಕ್ ಆದ ಸೈಟಿನ ಸ್ಪ್ಯಾಮ್‌ನಿಂದ ಇಡೀ /24 ಕಪ್ಪುಪಟ್ಟಿಗೆ ಹೋದರೆ, ಇಳಕಲ್ ಸೀರೆ ಅಂಗಡಿಯವರ ಬಿಲ್ಲಿನ ಮೇಲ್ ಕೂಡ ತಲುಪುವುದಿಲ್ಲ.

ಹಂತ 8: ಡಿಎನ್‌ಎಸ್ ಮತ್ತು ಹಿತ್ತಲ ಬಾಗಿಲು

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ತಾಸು ಮಾಯವಾಗಿತ್ತು. ತಮ್ಮದೇ ತಪ್ಪಿನಿಂದ ಬಿಜಿಪಿ ರೂಟುಗಳು ಹಿಂದೆ ಸರಿದವು, ಡಿಎನ್‌ಎಸ್ ಸರ್ವರ್‌ಗಳೂ ಅದೇ ನೆಟ್‌ವರ್ಕಿನಲ್ಲಿದ್ದವು, ಸರಿಪಡಿಸುವ ಸಾಧನಗಳೂ ಅದರ ಮೇಲೇ ನಿಂತಿದ್ದವು. ಅಷ್ಟು ದೊಡ್ಡವರಿಗೇ ಹೀಗಾಯಿತು. ನಿಮ್ಮ ಒಂದು ನೇಮ್‌ಸರ್ವರ್ ಮುಂಬೈ, ಇನ್ನೊಂದು ಬೆಳಗಾವಿ, ಮೂರನೆಯದು ಪೂರ್ತಿ ಬೇರೆಯವರ ಎಎಸ್‌ನಲ್ಲಿರಲಿ. ಪ್ರತಿ ರ‍್ಯಾಕಿನಲ್ಲೂ ಒಂದು ಚಿಕ್ಕ 4ಜಿ ರೂಟರ್ ಇಟ್ಟು, ಅದನ್ನು ಮುಖ್ಯ ರೂಟರ್‌ನ ಕನ್ಸೋಲ್ ಪೋರ್ಟಿಗೆ ಜೋಡಿಸಿ. ನೀವೇ ತಪ್ಪು ಕಮಾಂಡ್ ಕೊಟ್ಟು ನಿಮ್ಮನ್ನೇ ಹೊರಗೆ ಹಾಕಿಕೊಂಡ ರಾತ್ರಿ, ಬಸ್ ಹಿಡಿದು ಮುಂಬೈಗೆ ಹೋಗುವುದು ಇದರಿಂದ ತಪ್ಪುತ್ತದೆ. ಸಿಮ್ ಕಾರ್ಡ್ ರೀಚಾರ್ಜ್ ಮುಗಿದಿಲ್ಲವೇ ಎಂದೂ ನೋಡುತ್ತಿರಿ. ನಗಬೇಡಿ, ಆಗುತ್ತದೆ.

ಹಂತ 9: ಕಣ್ಣಿಟ್ಟಿರುವುದು

ಪೋರ್ಟಿನ ಟ್ರಾಫಿಕ್ಕಿಗೆ ಲಿಬ್ರೆಎನ್‌ಎಂಎಸ್, ವಿಳಂಬಕ್ಕೆ ಸ್ಮೋಕ್‌ಪಿಂಗ್. ಎರಡೂ ಉಚಿತ. ಹೊರಗಿನಿಂದ ನೋಡುವ ಕಣ್ಣು ಒಂದು ಬೇರೆ ನೆಟ್‌ವರ್ಕಿನಲ್ಲಿರಬೇಕು. ಎಚ್ಚರಿಕೆ ಫೋನ್ ಕರೆಯಾಗಿ ಬರಲಿ. ನಿಮ್ಮದೇ ಮೇಲ್ ಸರ್ವರ್‌ಗೆ ಬರುವಂತಿದ್ದರೆ ಅದು ಸತ್ತ ದಿನ ಸುದ್ದಿಯೂ ಬರುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಸೂಚನೆಯಂತೆ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ತಾಸಿನೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಲಾಗ್ ಇಡುವ ಡಿಸ್ಕಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಹಂತ 10: ನೀವೇ ತಂತಿ ಕೀಳಿ

ಮೂರು ತಿಂಗಳಿಗೊಮ್ಮೆ, ಭಾನುವಾರ ಬೆಳಗಿನ ಜಾವ ಎರಡಕ್ಕೆ. ಗಿರಾಕಿಗಳಿಗೆ ಮೊದಲೇ ತಿಳಿಸಿರಿ. ಒಂದು ಕಡೆ ಪಿಂಗ್ (ಉತ್ತರ ಬರುತ್ತಿದೆಯೇ ಎಂದು ನೋಡುವ ಕಮಾಂಡ್) ಓಡಿಸಿಟ್ಟು, ಉತ್ತರದ ಲಿಂಕಿನ ಫೈಬರ್ ಎಳೆಯಿರಿ. ಎಷ್ಟು ಪ್ಯಾಕೆಟ್ ಬಿದ್ದವು ಎಂದು ಬರೆಯಿರಿ. ವಾಪಸ್ ಹಾಕಿ, ಅದು ಮರಳಿ ಬರುವಾಗ ಎಷ್ಟು ಬಿದ್ದವು ಎಂದೂ ಬರೆಯಿರಿ, ಹಲವರು ಇದನ್ನು ನೋಡುವುದೇ ಇಲ್ಲ. ಆಮೇಲೆ ದಕ್ಷಿಣದ್ದು, ಆಮೇಲೆ ಒಂದು ಸ್ವಿಚ್ಚಿನ ಕರೆಂಟು, ಕಡೆಗೆ ಎ ಫೀಡ್ ಪೂರ್ತಿ.

ನಮ್ಮ ಮೊದಲ ಪರೀಕ್ಷೆಯಲ್ಲಿ ಎರಡನೇ ಲಿಂಕು ಬಂತು, ಆದರೆ ಐಪಿವಿ6 ಬರಲಿಲ್ಲ. ಆ ಸೆಷನ್‌ಗೆ ಬಿಎಫ್‌ಡಿ ಹಾಕುವುದೇ ಮರೆತಿತ್ತು. ಹೋದ ಸಲ ಉತ್ತರದ ಎಳೆ ಕಿತ್ತಾಗ ಬಿದ್ದದ್ದು ಎರಡು ಪ್ಯಾಕೆಟ್. ಗೋಡೆಗೆ ತೂಗು ಹಾಕಿದ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದು, ಚಹಾ ಕುಡಿಯಲು ಬಸ್ ಸ್ಟ್ಯಾಂಡಿನ ಕಡೆ ಹೊರಟಾಗ ನಾಲ್ಕು ಗಂಟೆ. ಫೌಂಡ್ರಿ ಮಾಲೀಕರು ಮರುದಿನ ಸಿಕ್ಕು, "ರಾತ್ರಿ ಏನೋ ಕೆಲಸ ಐತಿ ಅಂದಿದ್ರಿ, ಮಾಡ್ಲಿಲ್ಲೇನ್ರಿ?" ಎಂದು ಕೇಳಿದರು.